ಸರಕಾರಿ ಗೋಡೆಯ ಮೇಲಿನ ಅವ್ವ

ದಸರೆಗೆ ಎಂಟು ದಿನ ಉಳಿದಿರುವಾಗ ನಮ್ಮ ಮನೆಯಲ್ಲಿ ಒಂದು ಜಗಳ ತಪ್ಪದೆ ಹಾಜರಾಗುತ್ತದೆ. ಹೆಂಡತಿ ನನ್ನ ಹಳೆಯ ಬನಿಯನ್ನೊಂದನ್ನು ನೀರಿನಲ್ಲಿ ಅದ್ದಿ, ಹಿಂಡಿ, ಗೋಡೆಯ ಫೋಟೋ ಒರೆಸಲೆಂದು ನನ್ನ ಕೈಗೆ ಕೊಡಲು ಬರುತ್ತಾಳೆ. ಅಷ್ಟರಲ್ಲಿ ನನಗೆ ಹಿತ್ತಲಲ್ಲಿ ಏನೋ ತುರ್ತು ಕೆಲಸ ನೆನಪಾಗಿರುತ್ತದೆ.

"ಎತ್ತರದ ಮನಷ್ಯಾ ಅದೀರಿ, ಸ್ಟೂಲ್ ಸುದ್ದಾ ಬೇಕಾಗೂದಿಲ್ಲ. ಎರಡ ಫೋಟೋ ವರಸಾಕ ಏನ್ ಧಾಡಿ ನಿಮಗ?" ಎನ್ನುತ್ತಾಳೆ.

ಅವಳಿಗೆ ಕಾರಣ ಗೊತ್ತು. ಗೊತ್ತಿದ್ದೂ ಕೇಳುತ್ತಾಳೆ. ಹತ್ತು ಹನ್ನೆರಡು ವರ್ಷದ ಹಳೆಯ ದುಃಖವನ್ನು ನಾನು ಸೋಮಾರಿತನಕ್ಕೆ ನೆಪ ಮಾಡಿಕೊಂಡಿದ್ದೇನೆ ಎಂಬ ಗುಮಾನಿ ಅವಳದು. ಗುಮಾನಿ ಪೂರಾ ಸುಳ್ಳೇನೂ ಅಲ್ಲ. ಆದರೆ ಜೋಳ ಹಸನು ಮಾಡು ಎಂದರೆ ಮಾಡುತ್ತೇನೆ, ನೀರಿನ ಟಾಕಿಯೊಳಗಿಳಿದು ಪಾಚಿ ತಿಕ್ಕು ಎಂದರೆ ತಿಕ್ಕುತ್ತೇನೆ. ಒದ್ದೆ ಬಟ್ಟೆ ಹಿಡಿದು ಒಂದು ಚಿತ್ರದ ಮುಂದೆ ಮಾತ್ರ ನಿಲ್ಲಲಾರೆ.

ಮೊದಲು ನಾನು ಹೀಗಿರಲಿಲ್ಲ. ಮೊದಲು ನನಗೆ ಸ್ವಚ್ಛತೆಯ ಹುಚ್ಚಿತ್ತು. ಕಚೇರಿಗೆ ಹೋದ ಕೂಡಲೇ ಹಾಜರಿ ಪುಸ್ತಕಕ್ಕೆ ಸಹಿ ಮಾಡುವ ಮುಂಚೆ ಟೇಬಲ್ಲು ಒರೆಸುತ್ತಿದ್ದೆ. ಮಧ್ಯಾಹ್ನ ಊಟದ ಮೇಲೆ ಇನ್ನೊಮ್ಮೆ. ಟೈಪ್‌ರೈಟರಿನ ಅಕ್ಷರಗಳ ಸಂದಿಯನ್ನು ಸೂಜಿಯಿಂದ ಕೆರೆಯುತ್ತಿದ್ದೆ. ಜೊತೆಯವರು ನನಗೆ ಧೂಳಪ್ಪ ಎಂದು ಹೆಸರಿಟ್ಟಿದ್ದರು. ನನಗೆ ಅದು ಬೈಗುಳವೆನಿಸಿರಲಿಲ್ಲ. ನಾಲ್ಕು ಮಂದಿಯ ನಡುವೆ ಒಬ್ಬನಿಗಾದರೂ ಶಿಸ್ತಿದೆ ಎಂಬುದಕ್ಕೆ ಕೊಟ್ಟ ಸರ್ಟಿಫಿಕೇಟು ಅಂದುಕೊಂಡಿದ್ದೆ.

ಆಗ ತೊಂಬತ್ತರ ದಶಕ ಮುಗಿಯಲು ಬಂದಿತ್ತು. ನಾನು ಬೈಲಹೊಂಗಲದ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಯಾವ ಕಚೇರಿ ಎಂದು ಕೇಳಬೇಡಿ. ಅಲ್ಲಿದ್ದವರು ಇನ್ನೂ ಇದ್ದಾರೆ, ತಪ್ಪು ಅವರದಲ್ಲ. ಹೊಸದಾಗಿ ಬಂದಿದ್ದ ಸಾಹೇಬರು ತೆಂಕಣ ಸೀಮೆಯವರು, ಚಿಕ್ಕ ವಯಸ್ಸು. ತಪಾಸಣೆಯ ದೌರೆಗೆ ಹೋದಲ್ಲೆಲ್ಲ ಕಚೇರಿಗಳ ಗೋಡೆ ನೋಡುವ ಚಟ ಅವರಿಗೆ. ನಮ್ಮ ಕಡೆ ಹಳೆಯ ಕಚೇರಿಗಳಲ್ಲಿ ಕೈಯಿಂದ ಬರೆದ ದೊಡ್ಡ ಚಿತ್ರಗಳು ಬೇಕಾದಷ್ಟಿದ್ದವು. ಯಾರೋ ಸಂಸ್ಥಾನಿಕರು ಕೊಟ್ಟದ್ದು, ಯಾವುದೋ ಸಾಲಿಯ ಮಾಸ್ತರರು ಬರೆದದ್ದು, ಯಾವ ಕಾಲದಲ್ಲೋ ಬಂದು ಮೊಳೆಗೆ ತೂಗಿ ಅಲ್ಲೇ ಉಳಿದದ್ದು. ಒಂದು ದಿನ ಸಾಹೇಬರು ನಮ್ಮನ್ನೆಲ್ಲ ಕರೆದು, "ಇವು ಜನರ ಚಿತ್ರಗಳು. ನೋಡೋರು ಮಾತ್ರ ನೀವು ನಾಲ್ಕು ಜನ, ನೀವೂ ನೋಡೋದಿಲ್ಲ. ಎಲ್ಲಾ ಇಳಿಸಿ ಬೈಲಹೊಂಗಲದಲ್ಲಿ ಎಂಟು ದಿನ ಪ್ರದರ್ಶನ ಇಡೋಣ" ಎಂದರು. ನಾವು ತಲೆ ಅಲ್ಲಾಡಿಸಿದೆವು. ಚಿತ್ರ ಕೂಡಿಸಿ ತರುವ ಕೆಲಸ ಧೂಳಪ್ಪನಿಗೆ ಬಂತು.

ಒಂದು ಬಾಡಿಗೆ ಟೆಂಪೋ, ಎಂಟು ಹಳೆಯ ಚಾದರ, ಒಂದು ಪಟ್ಟಿ, ಮತ್ತು ನಾನು. ಕಿತ್ತೂರಿನ ಕಡೆ ಒಂದು ಯುದ್ಧದ ಚಿತ್ರ ಸಿಕ್ಕಿತು. ಸರಕಾರಿ ಸಾಮಾನಿಗೆಲ್ಲ ನಂಬರು ಬರೆಯುವುದು ಕಾನೂನು, ನಂಬರು ತಪಾಸಣೆಗೆ ಬಂದವರ ಕಣ್ಣಿಗೆ ಬೀಳಬೇಕೆಂಬುದೂ ಕಾನೂನು. ಆದ್ದರಿಂದ ಯಾರೋ ಪುಣ್ಯಾತ್ಮರು ಬಿಳಿ ಬಣ್ಣದಲ್ಲಿ ಹನ್ನೆರಡು ಎಂದು ಕುದುರೆಯ ಹೊಟ್ಟೆಯ ಮೇಲೆಯೇ ಬರೆದಿದ್ದರು. ರಜಿಸ್ಟರಿನಲ್ಲಿ ಆ ಕುದುರೆ ಹನ್ನೊಂದನೇ ನಂಬರಿನ ಕುರ್ಚಿಗೂ ಹದಿಮೂರನೇ ನಂಬರಿನ ಕಪಾಟಿಗೂ ನಡುವೆ ಓಡುತ್ತಿತ್ತು. ಕಟಕೋಳದ ಒಂದು ಕಚೇರಿಯಲ್ಲಿ ತೊರಗಲ್ ಕೋಟೆಯ ಚಿತ್ರವನ್ನು ಬಾಗಿಲಿಲ್ಲದ ಕಿಡಕಿಗೆ ಅಡ್ಡ ನಿಲ್ಲಿಸಿದ್ದರು.

"ಇದನ್ನ ಒಯ್ದ್ರ ಬಿಸಲ ಸೀದಾ ನನ್ನ ಮಾರಿಗೆ ಬಡೀತೈತ್ರಿ. ಬದಲೀ ಏನರೆ ಕೊಟ್ಟ ಹೋಗ್ರಿ" ಎಂದು ಅಲ್ಲಿನ ಮುದುಕ ಗುಮಾಸ್ತರು ಹಟ ಹಿಡಿದರು. ಒಂದು ಚಾದರ ಕಟ್ಟಿಕೊಟ್ಟು ಕೋಟೆಯನ್ನು ಬಿಡಿಸಿಕೊಂಡು ಬಂದೆ. ಚಚಡಿಯ ವಾಡೆಯ ಬಾಗಿಲಿನ ಚಿತ್ರವೊಂದಿತ್ತು, ಅದರ ಹಿಂದೆ ಹಲ್ಲಿಗಳ ನಾಲ್ಕು ತಲೆಮಾರು ಸಂಸಾರ ಮಾಡಿದ್ದವು.

ಹೀಗೆ ಹಗುರಾಗಿ ಹೇಳುತ್ತ ಹೋಗಬಹುದು. ಇಂಥವು ಇನ್ನೂ ಹತ್ತಿವೆ. ಹೇಳಬೇಕಾದದ್ದನ್ನು ಮುಂದೂಡಲಿಕ್ಕೆ ಹೇಳುತ್ತಿದ್ದೇನೆ ಎಂದು ನೀವು ಇಷ್ಟೊತ್ತಿಗೆ ಹಿಡಿದಿರುತ್ತೀರಿ.

ನನ್ನ ಪಟ್ಟಿಯ ಕಡೆಯ ಚಿತ್ರ ಸವದತ್ತಿಯದು. ಅದರಲ್ಲಿದ್ದವಳು ನನ್ನ ಅವ್ವ.

ನನ್ನ ಅಪ್ಪ ಡ್ರಾಯಿಂಗ್ ಮಾಸ್ತರ. ರಾಮದುರ್ಗದಲ್ಲಿ ನೌಕರಿಯಲ್ಲಿದ್ದಾಗ, ಲಗ್ನವಾದ ಹೊಸದರಲ್ಲಿ, ಅವ್ವ ಮಲಪ್ರಭೆಯಿಂದ ನೀರು ತರುವುದನ್ನು ಆಳೆತ್ತರದ ಬಟ್ಟೆಯ ಮೇಲೆ ಬರೆದಿದ್ದ. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಕೊಡ, ಹಿಂದೆ ಹೊಳೆ. ನಾನು ಒಂದೂವರೆ ವರ್ಷದವನಿದ್ದಾಗ ಅವ್ವ ಎರಡು ದಿನದ ಜ್ವರಕ್ಕೆ ಹೋದಳು. ಅಕ್ಕ ನೀಲವ್ವನಿಗೆ ಆಗ ಆರು ವರ್ಷ. ಅವ್ವನ ಫೋಟೋ ಒಂದೂ ಇಲ್ಲ. ಆ ಕಾಲದಲ್ಲಿ ನಮ್ಮಂಥವರ ಮನೆಯ ಹೆಂಗಸರು ಫೋಟೋ ತೆಗೆಸುತ್ತಿರಲಿಲ್ಲ. ಮನೆಯಲ್ಲೇ ಚಿತ್ರ ಬರೆಯುವವನಿರುವಾಗ ತೆಗೆಸುವ ಮಾತೇ ಬರಲಿಲ್ಲ.

ಮುಂದೆ ಅಪ್ಪ ಇನ್ನೊಂದು ಲಗ್ನವಾದ. ಚಿಗವ್ವ ಕೆಟ್ಟವಳಲ್ಲ, ನನ್ನನ್ನು ಸಾಕಿದವಳು ಅವಳೇ. "ಗ್ವಾಡಿ ಮ್ಯಾಲ ಇರಲಿ ಬಿಡ್ರಿ, ನನಗೇನ್ ಮಾಡತಾಳ ಆಕಿ" ಎಂದು ಅವಳೇ ಹೇಳಿದ್ದಳಂತೆ. ಆದರೆ ಅಪ್ಪನಿಗೆ ಒಂದೇ ಕೋಣೆಯಲ್ಲಿ ಇಬ್ಬರ ಎದುರು ಕೂತು ಉಣ್ಣಲು ಆಗಲಿಲ್ಲ. ಸವದತ್ತಿಗೆ ವರ್ಗವಾದಾಗ ಚಿತ್ರವನ್ನು ಅಲ್ಲಿನ ಕಚೇರಿಯೊಂದಕ್ಕೆ ಕೊಟ್ಟುಬಿಟ್ಟ. ಸಾಹೇಬರು ಕೂರುವ ಒಳಕೋಣೆಯ ಗೋಡೆಗೆ ಅವ್ವ ಹೋದಳು, ರಜಿಸ್ಟರಿನಲ್ಲಿ ಒಂದು ನಂಬರಾದಳು.

ಸವದತ್ತಿ ಎಲ್ಲಮ್ಮನ ಊರು. ತಾಯಿ ದಿನಾ ಮರಳಿನಿಂದ ಕೊಡ ಮಾಡಿ, ಹಾವನ್ನು ಸಿಂಬಿ ಮಾಡಿಕೊಂಡು ಹೊಳೆಯ ನೀರು ತರುತ್ತಿದ್ದಳೆಂಬುದು ಅಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಅಪ್ಪ ಹಳೆಯ ಸೀರೆಯ ಸಿಂಬಿಗೆ ಅಂಚಿನ ಗೆರೆಗಳನ್ನು ಎಳೆದಿದ್ದ. ನೋಡುವವರ ಕಣ್ಣಿಗೆ ಅದು ಹಾವಾಯಿತು. ಮೊದಲ ವರ್ಷದ ದಸರೆಯ ಖಂಡೇಪೂಜೆಯಲ್ಲಿ ಕುರ್ಚಿ, ಕಪಾಟು, ಟೈಪ್‌ರೈಟರುಗಳ ಜೊತೆ ಅವ್ವನ ಹಣೆಗೂ ಭಂಡಾರ ಬಿತ್ತು. ಭಂಡಾರವೆಂದರೆ ಎಲ್ಲಮ್ಮನ ಅರಿಷಿಣ. ಕುರ್ಚಿಗೆ ಹಚ್ಚಿದ್ದನ್ನು ಮರುದಿನ ಒರೆಸಿದರು, ಅವ್ವನಿಗೆ ಹಚ್ಚಿದ್ದನ್ನು ಒರೆಸಲು ಯಾರಿಗೂ ಧೈರ್ಯವಾಗಲಿಲ್ಲ. ಆಮೇಲೆ ಮಂಗಳವಾರ, ಶುಕ್ರವಾರ, ಹುಣ್ಣಿಮೆ ಎಂದು ಶುರುವಾಯಿತು. ಅಷ್ಟು ದೊಡ್ಡ ಚಿತ್ರಕ್ಕೆ ಗಾಜಿರಲಿಲ್ಲ. ಎಣ್ಣೆಯಲ್ಲಿ ಕಲಸಿದ ಭಂಡಾರ ವರ್ಷದ ಮೇಲೆ ವರ್ಷ ಮುಖದ ಮೇಲೆ ಕೂತು ರೊಟ್ಟಿಯಷ್ಟು ದಪ್ಪವಾಯಿತು. ವರ್ಗಕ್ಕೆ ಹರಕೆ ಹೊತ್ತು, ವರ್ಗವಾಗಿ ಹೋದ ಸಾಹೇಬರೊಬ್ಬರು ಬೆಳ್ಳಿಯ ಕಣ್ಣು ಮಾಡಿಸಿ ಕಳಿಸಿದರು. ಸಿಪಾಯಿ ಫಕೀರಪ್ಪ ಅವನ್ನು ಮೇಣದಿಂದ ಅಂಟಿಸಿದ.

ಇದೆಲ್ಲ ನನಗೆ ಹೇಗೆ ಗೊತ್ತೆಂದರೆ, ನನ್ನ ನೌಕರಿಯ ಮೊದಲ ಮೂರು ವರ್ಷ ಅದೇ ಕಚೇರಿಯಲ್ಲಿ. ಹಾಜರಾದ ದಿನ ಒಳಕೋಣೆಗೆ ಹೋಗಿ ತಲೆ ಎತ್ತಿ ನೋಡಿದರೆ ಒಂದು ಹಳದಿ ಮುದ್ದೆ, ಅದರಲ್ಲಿ ಎರಡು ಬೆಳ್ಳಿ ಕಣ್ಣು. ಕೈ, ಸೀರೆ, ಕೊಡ ಎಲ್ಲ ಕಾಣುತ್ತಿದ್ದವು. ಆಗಲೇ ಹೇಳಬೇಕಿತ್ತು, ಇದು ದೇವರಲ್ಲ, ನನ್ನ ತಾಯಿ ಎಂದು. ನಾನು ಹೇಳಲಿಲ್ಲ. ಇಡೀ ಕಚೇರಿ ಕೈಮುಗಿದು ನಿಂತಿರುವಾಗ ಕಿರಿಯ ಗುಮಾಸ್ತನೊಬ್ಬ ಅಂಥ ಮಾತು ಹೇಗೆ ಆಡುತ್ತಾನೆ? ನಾನೂ ಕೈಮುಗಿದೆ, ಕೊಬ್ಬರಿ ಬೆಲ್ಲ ತಿಂದೆ. ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಗುತ್ತಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ನನ್ನನ್ನು ಬೈದ ಸಾಹೇಬ ಹತ್ತು ನಿಮಿಷದ ಮೇಲೆ ನನ್ನ ಅವ್ವನಿಗೆ ಬಗ್ಗಿ ನಮಸ್ಕಾರ ಮಾಡುತ್ತಿದ್ದ.

ಪ್ರದರ್ಶನದ ಸುದ್ದಿಯನ್ನು ತೊರಗಲ್ಲಿನಲ್ಲಿದ್ದ ಅಕ್ಕನಿಗೆ ನಾನೇ ಹೋಗಿ ಹೇಳಿದೆ. ಅಕ್ಕ ಜೋಳದ ಹಿಟ್ಟು ಸೋಸುತ್ತಿದ್ದಳು. ಅವಳಿಗೆ ಅವ್ವನ ದನಿ ನೆನಪಿತ್ತು, ಅವ್ವ ಜಡೆ ಹಾಕುವಾಗ ಕೂದಲು ಜಗ್ಗುತ್ತಿದ್ದದ್ದು ನೆನಪಿತ್ತು, ಮುಖ ಮಾತ್ರ ನೆನಪಿರಲಿಲ್ಲ. ಸಾಹೇಬರ ಒಳಕೋಣೆಗೆ ಅವಳು ಯಾವತ್ತೂ ಹೋದವಳಲ್ಲ.

"ಭಂಡಾರ ತಗಸ್ತೀರೇನ?" ಎಂದು ಕೇಳಿದಳು.

"ತಗಸ್ತೇವಿ. ಸಾಹೇಬ್ರ ಹುಕುಂ ಐತಿ."

"ಹಂಗಾರ ನಾ ಬರತೇನಿ. ನಾಲ್ವತ್ತ ವರ್ಷ ಆತು ತಮ್ಮಾ. ಆಕಿ ಮಾರಿ ಒಮ್ಮೆ ನೋಡಿದ್ರ ಸಾಕು ನನಗ."

ಸಾಹೇಬರ ಹುಕುಂ ಪೂರ್ತಿಯಾಗಿ ಹೀಗಿತ್ತು: ಧಾರವಾಡದಿಂದ ಒಬ್ಬ ಹಿರಿಯ ಕಲಾವಿದರು ಸೋಮವಾರ ಬರುತ್ತಾರೆ, ಅವರು ಕೂತು ಒಂದೊಂದಾಗಿ ಸ್ವಚ್ಛ ಮಾಡುತ್ತಾರೆ, ಅಲ್ಲಿಯವರೆಗೆ ಯಾರೂ ಯಾವ ಚಿತ್ರಕ್ಕೂ ಕೈ ಹಚ್ಚಬಾರದು. ಆ ಕಾಗದವನ್ನು ಟೈಪ್ ಮಾಡಿದವನು ನಾನೇ.

ಶನಿವಾರ ಸವದತ್ತಿಗೆ ಹೋದೆ. ಫಕೀರಪ್ಪ ಪಿಂಚಣಿಗೆ ಹತ್ತಿರ ಬಂದಿದ್ದ. ಅಂದು ಉಪವಾಸವಿದ್ದನೆಂದು ಅವನ ಮುಖವೇ ಹೇಳುತ್ತಿತ್ತು.

"ಎಂಟ ದಿನದಾಗ ತಿರಗಿ ತರತೀರೆಲ್ರಿ?"

"ತರತೀವಿ, ಫಕೀರಪ್ಪ."

"ಕಣ್ಣ ನಾ ಇಲ್ಲೇ ಇಟಗೊಂತೇನ್ರಿ. ಊರ ಬಿಟ್ಟ ಹೋಗಬಾರದು ಅವು."

ಅವನು ಬಟ್ಟಲಿನಲ್ಲಿ ಎಣ್ಣೆ ಬೆಚ್ಚಗೆ ಮಾಡಿಕೊಂಡು ಬಂದು, ಬೆರಳಿನ ತುದಿಯಿಂದ ಮೇಣದ ಸುತ್ತ ಹಚ್ಚಿ, ಅದು ಮೆತ್ತಗಾಗುವವರೆಗೆ ಕಾದು ಕೂತ. ನನಗೆ ಟೆಂಪೋದವನ ಗಡಿಬಿಡಿ. ಅರ್ಧ ತಾಸಿನ ಮೇಲೆ ಕಣ್ಣುಗಳು ತಾವಾಗಿ ಬಿಟ್ಟುಕೊಂಡು ಅವನ ಅಂಗೈಗೆ ಬಂದವು. ಅವನ್ನು ವಸ್ತ್ರದಲ್ಲಿ ಸುತ್ತಿಕೊಂಡು, "ಮುಖಕ್ಕ ಕೈ ಹಚ್ಚಬ್ಯಾಡ್ರಿ ಸಾಹೇಬ್ರ. ಹೆಂಗ ಐತಿ ಹಂಗ ಇರಲಿ" ಎಂದ. ನಾನು ಆಗಲಿ ಎಂದೆ. ಮೂಢನಂಬಿಕೆಯ ಮನುಷ್ಯ, ಪಾಪ, ಎಂದು ದಾರಿಯುದ್ದಕ್ಕೂ ಅಂದುಕೊಂಡೆ.

ಭಾನುವಾರ ಮಧ್ಯಾಹ್ನ. ಚಿತ್ರಗಳನ್ನೆಲ್ಲ ಇಟ್ಟಿದ್ದ ಪ್ರದರ್ಶನದ ಹಾಲ್‌ನ ಕೀಲಿಕೈ ನನ್ನ ಹತ್ತಿರ. ಚಾದರ ಸರಿಯಾಗಿ ಹೊದಿಸಿದೆಯೋ ಇಲ್ಲವೋ ನೋಡಿ ಬರುತ್ತೇನೆಂದು ಮನೆಯಲ್ಲಿ ಹೇಳಿ ಹೋದೆ. ಬಗಲಲ್ಲಿ ಒಂದು ಹಳೆಯ ಧೋತರದ ತುಂಡು, ಕೈಯಲ್ಲಿ ಒಂದು ತಂಬಿಗೆ ನೀರು, ಕಿಸೆಯಲ್ಲಿ ಸಾಬೂನು. ಚಾದರ ನೋಡಲು ಹೋಗುವವನು ಸಾಬೂನು ಯಾಕೆ ಒಯ್ಯುತ್ತಾನೆ? ನನ್ನೊಳಗೆ ಆಗಲೇ ಎಲ್ಲ ತೀರ್ಮಾನವಾಗಿತ್ತು. ನಾಳೆ ಯಾರೋ ಪರವೂರಿನವರು ಬಂದು ಅವ್ವನ ಮುಖ ಮೊದಲು ನೋಡುವುದು ನನಗೆ ಬೇಕಿರಲಿಲ್ಲ. ಮಗ ನಾನು, ಮೊದಲು ನಾನು ನೋಡಬೇಕು. ಅದರ ಮೇಲೆ ಹೊಲಸು ತೆಗೆಯುವುದರಲ್ಲಿ ನನ್ನನ್ನು ಮೀರಿಸಿದವರು ಆ ತಾಲೂಕಿನಲ್ಲಿ ಯಾರಿದ್ದರು?

ಮೊದಲು ಬರೀ ನೀರಿನಿಂದ ಒರೆಸಿದೆ. ಏನೂ ಆಗಲಿಲ್ಲ, ಎಣ್ಣೆಯ ಮೇಲೆ ನೀರು ಜಾರಿತು. ಸಾಬೂನು ಹಚ್ಚಿದೆ. ಬಟ್ಟೆಗೆ ಹಳದಿ ಬಂತು. ಮತ್ತೆ ಹಚ್ಚಿದೆ, ದಟ್ಟ ಹಳದಿ ಬಂತು, ಬಳಿಕ ಕಂದು, ಬಳಿಕ ಊದುಬತ್ತಿಯ ಕಪ್ಪು. ಬಟ್ಟೆ ಮಡಚಿದೆ, ಹೊಸ ಮಗ್ಗುಲು ಮಾಡಿಕೊಂಡೆ, ತಿಕ್ಕಿದೆ. ಎಷ್ಟು ವರ್ಷದ ಹೊಲಸು, ಎಷ್ಟು ಚಂದ ಬರುತ್ತಿದೆ ಎಂದು ಖುಷಿಯಾಯಿತು. ಮೂರು ಸಲ ತಂಬಿಗೆ ತುಂಬಿಸಿ ತಂದೆ. ಬಟ್ಟೆಗೆ ಏನೂ ಹತ್ತದಾದಾಗ ಕೆಲಸ ಮುಗಿಯಿತೆಂದು ಎರಡು ಹೆಜ್ಜೆ ಹಿಂದೆ ಸರಿದು ತಲೆ ಎತ್ತಿದೆ.

ಕೊಡದ ಕೆಳಗೆ, ಸಿಂಬಿಯ ಕೆಳಗೆ, ಕಿವಿಯ ಬುಗುಡಿಯ ಪಕ್ಕದಲ್ಲಿ ಬರೀ ಬಟ್ಟೆ ಇತ್ತು. ನೇಯ್ಗೆಯ ಎಳೆಗಳು ಕಾಣುತ್ತಿದ್ದವು.

ಅಳು ಬರಲಿಲ್ಲ. ಧೋತರದ ತುಂಡನ್ನು ಬಿಡಿಸಿ ನೆಲದ ಮೇಲೆ ಹಾಸಿದೆ. ಹಳದಿ, ಕಂದು, ಕಪ್ಪು ಕಲೆಗಳ ನಡುವೆ ಒಂದು ಕಡೆ ಸ್ವಲ್ಪ ಗೋಧಿಬಣ್ಣ ಇತ್ತು. ಅದರಲ್ಲಿ ಹುಡುಕಿದೆ. ಬಟ್ಟೆಯಲ್ಲಿ ಮುಖ ಹುಡುಕುವ ಮನುಷ್ಯನನ್ನು ಯಾರಾದರೂ ನೋಡಿದ್ದರೆ ನಗುತ್ತಿದ್ದರು.

ಮರುದಿನ ಕಲಾವಿದರು ಬಂದರು. ಬಿಳಿ ಗಡ್ಡದ ಶಾಂತ ಮನುಷ್ಯ. ಚಿತ್ರದ ಮುಂದೆ ಕೂತು, ಕನ್ನಡಕ ಮೇಲೇರಿಸಿ, ಬಟ್ಟೆಯ ಅಂಚನ್ನು ಮೂಸಿ ನೋಡಿದರು.

"ಪುಡಿ ಬಣ್ಣ ಅಂಟಿನ್ಯಾಗ ಕಲಿಸಿ ಬರದಾರ. ನೀರ ತಾಕಿದ್ರ ಹೋಗೂವಂಥಾವು. ಮ್ಯಾಲಿನ ಎಣ್ಣಿ ಭಂಡಾರನ ಇಷ್ಟ ವರ್ಷ ಇದನ್ನ ಕಾಯ್ದದ ನೋಡ್ರಿ. ಯಾರ ತೊಳದ್ರಿದನ್ನ?"

"ಹಿಂಗ ಬಂದೈತ್ರಿ" ಎಂದೆ. ಸರಕಾರಿ ನೌಕರನ ನಾಲಿಗೆ, ತಾನಾಗಿ ಹೊರಳಿತು. ಆದರೂ ಕೇಳಿದೆ: "ನೀವ ತಗದಿದ್ರ ಮುಖ ಸಿಗತಿತ್ತೇನ್ರಿ?"

ಅದು ಯಾರ ಮುಖವೆಂದು ಅವರಿಗೆ ಗೊತ್ತಿರಲಿಲ್ಲ. "ಬೆಚ್ಚನ ಎಣ್ಣಿ ಹಚ್ಚಿ, ನಾಕ ದಿನ ಸಾವಕಾಶ ಕುಂತಿದ್ರ, ಸಿಗತಿತ್ತು" ಎಂದು ಮುಂದಿನ ಚಿತ್ರಕ್ಕೆ ಹೋದರು.

ಸಾಹೇಬರೂ ನನ್ನ ಮಾತು ನಂಬಿದರು, ಆ ಚಿತ್ರವನ್ನು ಕೈಬಿಡಲಿಲ್ಲ. ಕೈಯ ಹಸಿರು ಬಳೆ, ಇಳಕಲ್ ಸೀರೆಯ ಸೆರಗು, ಹೊಳೆಯ ನೀರು, ಎಲ್ಲ ಅಷ್ಟು ಚಂದವಿದ್ದವು. ಚಿತ್ರಗಳ ಕೆಳಗೆ ಅಂಟಿಸುವ ಚೀಟಿಗಳನ್ನು ಬರೆದವನು ನಾನು. ನೀರು ತರುವ ಹೆಣ್ಣು ಎಂದು ಬರೆದೆ. ಕಲಾವಿದ ಎಂಬಲ್ಲಿ ಅಪ್ಪನ ಹೆಸರು ಬರೆಯಬಹುದಿತ್ತು. ಬರೆದರೆ ಒಂದೊಂದಾಗಿ ಎಲ್ಲ ಹೊರಗೆ ಬರುತ್ತಿತ್ತು. ಗೊತ್ತಿಲ್ಲ ಎಂದು ಬರೆದು ಅಂಟಿಸಿದೆ. ಒಂದು ವಾರದಲ್ಲಿ ಅವ್ವ ಅಪ್ಪ ಇಬ್ಬರನ್ನೂ ಅಳಿಸಿದ ಮಗ ನಾನು.

ಜನ ಬಂದರು. ಬರುವುದಿಲ್ಲ ಅಂದುಕೊಂಡಿದ್ದೆ, ಸಂತೆಯ ದಿನವಂತೂ ಹಾಲ್ ತುಂಬಿತು. ಕುದುರೆಯ ಹೊಟ್ಟೆಯ ನಂಬರು ನೋಡಿ ನಕ್ಕರು. ತೊರಗಲ್ ಕೋಟೆಯಲ್ಲಿ ತಮ್ಮ ಹೊಲ ಎಲ್ಲಿ ಬರುತ್ತದೆಂದು ಬೆರಳಿಟ್ಟು ತೋರಿಸಿದರು. ಕಾಲೇಜಿನ ಮಾಸ್ತರರೊಬ್ಬರು ವಿದ್ಯಾರ್ಥಿಗಳನ್ನು ಕರೆತಂದು ಅವ್ವನ ಮುಂದೆ ಕಾಲು ತಾಸು ಮಾತಾಡಿದರು. ಕಲಾವಿದ ಬೇಕೆಂದೇ ಮುಖ ಬರೆದಿಲ್ಲ, ದುಡಿಯುವ ಹೆಣ್ಣಿಗೆ ಸಮಾಜ ಮುಖ ಕೊಟ್ಟಿಲ್ಲ ಎಂಬುದು ಇಲ್ಲಿನ ಧ್ವನಿ ಎಂದರು. ಹುಡುಗಿಯೊಬ್ಬಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ನಾನು ಮೂರು ಮಾರು ಆಚೆ, ಅಭಿಪ್ರಾಯ ಪುಸ್ತಕದ ಟೇಬಲ್ಲಿನ ಹಿಂದೆ ಕೂತಿದ್ದೆ.

ಮೂರನೆಯ ದಿನ ಫಕೀರಪ್ಪ ಬಂದ. ನೋಡಿದ. ಜಗಳ ತೆಗೆಯುತ್ತಾನೆಂದು ನಾನು ಎದ್ದು ನಿಂತೆ. ಅವನು ನನ್ನ ಟೇಬಲ್ಲಿನ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಮೂವತ್ತೈದ ವರ್ಷ ನಾ ಹಚ್ಚೇನ್ರಿ, ಏನೂ ಆಗಿರಲಿಲ್ಲ. ನೀವ ಒಂದ ದಿನ ವರಸಿದ್ರಿ." ಚಹಾ ಕುಡಿದು ಹೋಗು ಎಂದೆ. ಬೇಡವೆಂದು ಹೋದ. ಚಿತ್ರವನ್ನು ತಿರುಗಿ ಒಯ್ದು ಕೊಟ್ಟಾಗ ಸವದತ್ತಿ ಕಚೇರಿಯವರು ಅದನ್ನು ದಫ್ತರದ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಇಟ್ಟರು. ಮುಂದೆ ಅದು ಏನಾಯಿತೋ ನಾನು ವಿಚಾರಿಸಲಿಲ್ಲ.

ಅಕ್ಕ ಬಂದದ್ದು ಕಡೆಯ ದಿನ. ಬರಬೇಡವೆಂದು ಹೇಳಿಕಳಿಸಬೇಕೆಂದು ದಿನಾ ಅಂದುಕೊಳ್ಳುತ್ತಿದ್ದೆ, ಹೇಳಿಕಳಿಸಲಿಲ್ಲ. ಪೆಟ್ಟಿಗೆಯಲ್ಲಿಟ್ಟಿದ್ದ ಸೀರೆ ಉಟ್ಟು, ಹೂ ಮುಡಿದು, ಎರಡು ಬಸ್ಸು ಬದಲಿಸಿ ಬಂದಿದ್ದಳು. ಚಿತ್ರದ ಮುಂದೆ ಅವಳನ್ನು ನಿಲ್ಲಿಸಿ, ತೆಗೆಯುವಾಗ ಬಣ್ಣವೂ ಹೋಯಿತು, ತೆಗೆದವನು ನಾನೇ ಎಂದು ಹೇಳಿದೆ. ಎಲ್ಲವನ್ನೂ ಹೇಳಿದೆ. ಬೈಯಲಿ ಎಂದು ಕಾದೆ.

ಅಕ್ಕ ಬೈಯಲಿಲ್ಲ. ತೋರುಬೆರಳನ್ನು ಚಿತ್ರದ ಬಳೆಗಳ ಹತ್ತಿರ ಒಯ್ದಳು, ಮುಟ್ಟಲಿಲ್ಲ. "ಕೈ ಆಕಿವ" ಎಂದಳು. ಬಹಳ ಹೊತ್ತು ಕೈಯನ್ನೇ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಆಸೆ ಇನ್ನೂ ಹೋಗಿರಲಿಲ್ಲ. ಅದನ್ನು ನೋಡಿ ನನಗೆ ಹೆದರಿಕೆಯಾಯಿತು.

"ಭಂಡಾರ ಹೋಗಿ ಬಣ್ಣ ಹೋಗೂದರಾಗ ಒಂದ ಗಳಿಗಿ ಕಂಡಿರಬೇಕಲ್ಲೊ ತಮ್ಮಾ. ನೀ ಎದರಿಗೆ ಇದ್ದಿ. ಹೆಂಗಿದ್ಳು?"

"ನಿನ್ನಂಗ ಇದ್ಳು" ಎಂದೆ.

ಅಕ್ಕ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. "ಮೂಗೂ?" ಎಂದು ಕೇಳಿದಳು.

"ಹೂಂ. ಮೂಗೂ."

ಅಕ್ಕ ಹೋಗಿ ಎರಡು ವರ್ಷವಾಯಿತು. ತೊರಗಲ್ಲಿನ ಮನೆಯಲ್ಲಿ ಅವಳ ಫೋಟೋಕ್ಕೆ ಹಾರ ಹಾಕಿದ್ದಾರೆ. ಹೋದಾಗಲೊಮ್ಮೆ ಅವಳ ಮೊಮ್ಮಗಳು ನನ್ನನ್ನು ಅದರ ಮುಂದೆ ಕರೆದೊಯ್ದು, "ಆಯಿಯ ಅವ್ವನೂ ಹಿಂಗ ಇದ್ಳಂತ, ಹೌದೇನ ಅಜ್ಜಾ? ನೀ ನೋಡಿಯಂತಲ್ಲ" ಎನ್ನುತ್ತದೆ. ನಾನು ಹೌದೆನ್ನುತ್ತೇನೆ. ಆ ಒಂದು ಗಳಿಗೆ ಅವ್ವ ಕಂಡಿರಲೇಬೇಕು, ಅಕ್ಕ ಹೇಳಿದ್ದು ಸರಿ. ನಾನು ಆಗ ನನ್ನ ಬಟ್ಟೆಗೆ ಎಷ್ಟು ಹೊಲಸು ಬಂತೆಂದು ನೋಡುತ್ತಿದ್ದೆ.